ಅಪ್‌ಡೇಟ್: ಅಮ್ಮನ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು

ಮಂಡಿ ಆಪರೇಷನ್ ಆಗಿ ಮಂಡ್ಯಕ್ಕೆ ಬಂದ ಮೇಲೆ ಅಮ್ಮನ ಎಡಗಾಲಿನ ಮೀನಖಂಡ ಊದಿಕೊಂಡಿದೆ, ಎಣ್ಣೆ ಹಚ್ಚಿ ತಿಕ್ಕಲಾ ಅಂತ ಕೇಳಿದ್ದೆ. ತಿಕ್ಕಬೇಡಿ, ಇವತ್ತೇ ತೋರಿಸಿ ಅಂದಿರಲ್ಲ, ನಿಮಗೆಲ್ಲ ಕೈಮುಗಿಯುತ್ತೇನೆ.

ಅವತ್ತೇ ಮೈಸೂರಿಗೆ ಹೋದೆವು. ಡಾಕ್ಟರ್ ಟೇಪ್ ಹಿಡಿದು ಅಳೆದರು. ಎಡಗಾಲು ಬಲಗಾಲಿಗಿಂತ 4 ಸೆಂ.ಮೀ. ದಪ್ಪ, ಮುಟ್ಟಿದರೆ ಬಿಸಿ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಾಣಿಸಿತು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯವಂತೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕಡಿಮೆ ಅಂದರೂ 3 ತಿಂಗಳು ಮಾತ್ರೆ. ಮಾತ್ರೆ ಹೆಪ್ಪು ಬೆಳೆಯದಂತೆ ತಡೆಯುತ್ತದೆ ಅಷ್ಟೇ, ನಿಧಾನವಾಗಿ ಕರಗಿಸುವುದು ಮೈಯೇ. ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ. ಕೇಳದೆ ನೋವಿನ ಮಾತ್ರೆ ನುಂಗಬಾರದು, ರಕ್ತಸ್ರಾವ ಆಗಬಹುದು. ದಿಢೀರ್ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108.

ನಿನ್ನೆ ಊತ ಸ್ವಲ್ಪ ಇಳಿದಿದೆ. ಅಮ್ಮ ತುಳಸಿಕಟ್ಟೆವರೆಗೂ ನಡೆದರು.