ಅಪ್‌ಡೇಟ್: ನಿಯಮವೇ ಇಲ್ಲದ ಆಟ, ತುಮಕೂರಿನಲ್ಲಿ

ಹೋದ ತಿಂಗಳು ಮಾರ್ನಿಂಗ್ಟನ್ ಕ್ರೆಸೆಂಟ್ ಆಟದ ನಿಯಮ ಏನು ಅಂತ ಕೇಳಿದ್ದೆ. ಬಿಬಿಸಿ ರೇಡಿಯೋ 4ರ ಹಾಸ್ಯ ಕಾರ್ಯಕ್ರಮವೊಂದರಲ್ಲಿ 1978ರಲ್ಲಿ ಶುರುವಾದ ಆಟ ಅದು. ಸರದಿಯಂತೆ ಲಂಡನ್ನಿನ ಸ್ಟೇಷನ್ನು, ಬೀದಿಗಳ ಹೆಸರು ಹೇಳಬೇಕು. ‘ಮಾರ್ನಿಂಗ್ಟನ್ ಕ್ರೆಸೆಂಟ್’ ಅಂತ ಮೊದಲು ಹೇಳಿದವರು ಗೆದ್ದಂತೆ. ನೀವು ಹೇಳಿದ್ದು ಒಂದೇ ಮಾತು: ನಿಯಮ ಇಲ್ಲ, ಭಾರಿ ನಿಯಮ ಇದ್ದ ಹಾಗೆ ನಟಿಸುವುದೇ ಆಟ.

ಸರಿ, ಭಾನುವಾರ ಎಸ್.ಎಸ್. ಪುರಂನ ಗೆಳೆಯನ ಮನೆಯಲ್ಲಿ ಆಡಿಯೇ ಬಿಟ್ಟೆವು. ಲಂಡನ್ ಯಾಕೆ, ನಮ್ಮ ರೈಲ್ವೆ ಲೈನ್ ಇಲ್ವಾ? ಗೆಲ್ಲುವ ಸ್ಟೇಷನ್ ಸಂಪಿಗೆ ರೋಡ್.

ಒಬ್ಬ ‘ಕ್ಯಾತ್ಸಂದ್ರ’ ಅಂದ. ‘ತಟ್ಟೆ ಇಡ್ಲಿ ತಿನ್ನದೆ ಮುಂದಕ್ಕೆ ಹೋಗೋ ಹಾಗಿಲ್ಲ, ಒಂದು ಸರದಿ ಕಟ್’ ಅಂದೆ. ಅವನು ತಣ್ಣಗೆ, ‘ಅದು ಪ್ಯಾಸೆಂಜರ್ ಗಾಡಿಗೆ ಗುರೂ, ನಾನು ಗೂಡ್ಸ್‌ನಲ್ಲಿದ್ದೀನಿ’ ಅಂದ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಒಬ್ಬಳು ‘ನಿಟ್ಟೂರು’ ಅಂದಾಗ ದೊಡ್ಡ ಗಲಾಟೆ. ಗುಬ್ಬಿ ಸ್ಟೇಷನ್ ಬಿಟ್ಟು ಹಾರಬೇಕಾದರೆ ಎಡಗೈಯಲ್ಲಿ ಕಡ್ಲೆಕಾಯಿ ಇರಬೇಕಂತೆ. ಅವಳ ಕೈಯಲ್ಲಿ ಇತ್ತು!

ಗೆಳೆಯನ ಭಾವ ಮಾತ್ರ ಎಲ್ಲ ನಿಜ ಅಂದುಕೊಂಡು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು, ಪಾಪ. ನಾವು ಬಾಯಿ ಬಿಡಲಿಲ್ಲ. ಕೊನೆಗೆ ಪುಟ ತಿರುವಿ, ‘ಹಂಗಾದ್ರೆ ತಿಪಟೂರು ಆದ್ಮೇಲೆ ಹಿಂದಕ್ಕೆ ಬಂದು ಸಂಪಿಗೆ ರೋಡ್ ಹೇಳ್ಬೋದು, ಅಲ್ವಾ?’ ಅಂದರು. ಗೆದ್ದರು. ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ.

ಒಂದು ಸಲಹೆ: ಬೇಗ ಗೆಲ್ಲಬೇಡಿ. ವಾದ ಮಾಡುವುದರಲ್ಲೇ ಮಜಾ ಇರೋದು.

ಮುಂದಿನ ಸಲ ಕೋಲಾರದ ಗೆಳೆಯರೂ ಬರುತ್ತಾರಂತೆ. ಅವರ ಕಡೆ ಹಿಂದೆ ನ್ಯಾರೋಗೇಜ್ (ಕಿರಿದಾದ ಹಳಿಯ) ರೈಲು ಇತ್ತಲ್ಲ, ಅದಕ್ಕೆ ಬೇರೆ ನಿಯಮ ಬೇಕೇ ಬೇಕು ಅಂತ ಈಗಲೇ ಜಗಳ ತೆಗೆದಿದ್ದಾರೆ.