ಅಪ್‌ಡೇಟ್: ಮ್ಯಾಗ್ನೆಟೋನ ಬಾಲ್ಯದ ಕಥೆ ಓದಿ ಮುಗಿಸಿದೆ

ಎಕ್ಸ್‌-ಮೆನ್ ಕಾಮಿಕ್ಸ್ ಒಂದೂ ಓದದ ನಾನು ಅದರ ವಿಲನ್ ಮ್ಯಾಗ್ನೆಟೋನ ಬಾಲ್ಯದ ಕಾಮಿಕ್ ‘ಮ್ಯಾಗ್ನೆಟೋ: ಟೆಸ್ಟಮೆಂಟ್’ ಓದಬಹುದಾ ಅಂತ ಹೋದ ವಾರ ಕೇಳಿದ್ದೆ ಅಲ್ವಾ, ಧೈರ್ಯವಾಗಿ ಓದಬಹುದು.

ನ್ಯೂರೆಂಬರ್ಗ್‌ನ ಯಹೂದಿ ಹುಡುಗ ಮ್ಯಾಕ್ಸ್, ಮುಂದೆ ಮ್ಯಾಗ್ನೆಟೋ ಆಗುವವನು. 1935ರ ಜರ್ಮನಿ, ಶಾಲೆಯಲ್ಲಿ ಅವಮಾನ, ಆಮೇಲೆ ವಾರ್ಸಾ, ಕೊನೆಗೆ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್. ಸೂಪರ್‌ವಿಲನ್‌ನ ಅಬ್ಬರವೇ ಇಲ್ಲ. ಲೇಖಕ ಗ್ರೆಗ್ ಪಾಕ್ ಆ ಹುಡುಗನನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ, ನನಗೆ ಜಾಸ್ತಿ ಹಿಡಿಸಿದ್ದು ಅದೇ. ಸತ್ತವರ ಕನ್ನಡಕಗಳ ರಾಶಿಯ ಮುಂದೆ ಮ್ಯಾಕ್ಸ್ ನಿಂತಿರುವ ಚಿತ್ರ ಬಂದಾಗ ಪುಟ ತಿರುಗಿಸಲು ಕೈಯೇ ಬರಲಿಲ್ಲ, ಸುಮ್ನೆ ನೋಡುತ್ತಾ ಕೂತೆ.

ಕೊನೆಯಲ್ಲಿ ಡೀನಾ ಬ್ಯಾಬಿಟ್ ಅವರ ನಿಜ ಕಥೆಯೂ ಇದೆ. ಆಶ್ವಿಟ್ಸ್‌ನಲ್ಲಿ ಕೈದಿಯಾಗಿದ್ದಾಗ ತಾವೇ ಬಿಡಿಸಿದ ಚಿತ್ರಗಳನ್ನು ಅಲ್ಲಿನ ಮ್ಯೂಸಿಯಂನಿಂದ ವಾಪಸ್ ಕೇಳಿದ ಕಲಾವಿದೆ ಅವರು. ಅದನ್ನು ಬಿಡದೆ ಓದಿ.