ಬೆರಕೆ ನಾಯಿ ಜೊತೆ ಮೊಲದ ಬೇಟೆಗೆ ಹೋದವರು ಯಾರಾದರೂ ಇದ್ದೀರಾ?

ಮಧುಗಿರಿಯವ:
ಇದು 1960ರ ದಶಕದ ಕೊನೆಯ ಮಾತು. ಮಧುಗಿರಿ ಕಡೆಯ ನಮ್ಮ ಹಳ್ಳಿ ಮನೇಲಿ ಕೆಂಚ ಅಂತ ಒಂದು ನಾಯಿ ಇದ್ದ. ತಾಯಿ ನಮ್ಮೂರಿನದೇ ಕಂತ್ರಿ. ತಂದೆ, ಕುರಿ ಮಂದೆ ಜೊತೆ ಬಂದಿದ್ದ ಒಂದು ಸಣಕಲು ಬೇಟೆ ನಾಯಿ. ಕೆಂಚನಿಗೆ ಅಪ್ಪನ ಉದ್ದ ಕಾಲು, ಒಳಕ್ಕೆ ಸೇರಿದ ಹೊಟ್ಟೆ ಬಂದಿತ್ತು. ಕಿವಿ ಮಾತ್ರ ಒಂದು ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು.

ನಮ್ಮ ಹತ್ತಿರ ಕೋವಿ ಇರಲಿಲ್ಲ. ಯುಗಾದಿ ಮಾರನೇ ದಿನ, ವರ್ಷತೊಡಕಿಗೆ, ಅಪ್ಪ ಮತ್ತು ಚಿಕ್ಕಪ್ಪ ದೊಣ್ಣೆ ಹಿಡಿದು ಗುಡ್ಡದ ಕಡೆ ಹೊರಡುತ್ತಿದ್ದರು. ಹಿಂದೆ ನಾನು. ಮೊಲ ಬಿಲ ತೋಡುವುದಿಲ್ಲ, ಗೊತ್ತಲ್ವಾ? ಹುಲ್ಲಿನ ಬುಡದಲ್ಲಿ ಮೈ ಹಿಡಿಸುವಷ್ಟು ತಗ್ಗು ಮಾಡಿಕೊಂಡು, ಕಿವಿ ಬೆನ್ನಿಗೆ ಒತ್ತಿಕೊಂಡು ಕೂತಿರುತ್ತದೆ. ಕಾಲ ಹತ್ತಿರ ಹೋಗುವವರೆಗೂ ಅಲ್ಲಾಡುವುದಿಲ್ಲ. ಬಂದರೆ ಅನ್ನುವ ಕುರುಚಲು ಗಿಡಗಳ ನಡುವೆ ಕೆಂಚ ಗಾಳಿಗೆ ಎದುರಾಗಿ ನಿಲ್ಲುತ್ತಿದ್ದ. ಮೂಗಿನ ತುದಿ ಸಣ್ಣಗೆ ನಡುಗುತ್ತಿತ್ತು, ಮಡಚಿದ ಕಿವಿಯೂ ಆಗ ಎದ್ದು ನಿಲ್ಲುತ್ತಿತ್ತು. ಅಪ್ಪ ಕೈ ಎತ್ತಿದರೆ ನಾವು ನಿಂತಲ್ಲೇ ನಿಲ್ಲಬೇಕು.

ಮೊಲಕ್ಕೆ ಹಿಂಗಾಲು ಉದ್ದ. ಎದ್ದರೆ ಗುಡ್ಡ ಹತ್ತುವುದೇ. ಊರಿನ ಬೇರೆ ನಾಯಿಗಳು ಬೆನ್ನು ಹತ್ತಿ ಓಡಿ, ಅರ್ಧ ದಾರೀಲಿ ನಾಲಗೆ ಚಾಚಿ ಕೂರುತ್ತಿದ್ದವು. ಕೆಂಚ ಬಂಡೆ ಬಳಸಿಕೊಂಡು ಹೋಗಿ ಮೇಲಿನಿಂದ ಅಡ್ಡ ಹಾಕುತ್ತಿದ್ದ. ಹಿಂದಕ್ಕೆ ತಿರುಗಿದ ಮೊಲ ಇಳಿಜಾರಿನಲ್ಲಿ ಮುಗ್ಗರಿಸುತ್ತಿತ್ತು, ಅಷ್ಟು ಸಾಕು ಅವನಿಗೆ. ಇದನ್ನು ಯಾರೂ ಕಲಿಸಿದ್ದಲ್ಲ. ಎಷ್ಟೋ ಸಲ ಬರಿಗೈಲಿ ವಾಪಸ್ ಬಂದಿದ್ದೇವೆ, ಆದರೂ ಅವನು ಬಂಡೆ ಹಾರುವುದನ್ನು ನೋಡುವುದೇ ಒಂದು ಸುಖ.

ತಲೆ, ಕರುಳು ಕೆಂಚನ ಪಾಲು. ಅಪ್ಪ ಅಲ್ಲೇ ಬಂಡೆ ಮೇಲೆ ಕೊಟ್ಟುಬಿಡುತ್ತಿದ್ದರು. ಓಡಿದವನು ಮನೆವರೆಗೆ ಯಾಕೆ ಕಾಯಬೇಕು ಅನ್ನುತ್ತಿದ್ದರು.

ನನ್ನ ಪ್ರಕಾರ ಕಲ್ಲುಗುಡ್ಡಕ್ಕೆ ಜಾತಿ ನಾಯಿಗಿಂತ ಬೆರಕೆಯೇ ಮೇಲು. ನಿಮ್ಮ ಕಡೆ ಹೇಗೆ?

ಬಾಗಲಕೋಟೆಯಿಂದ:
ಓದಿ ಬಾಳ ಖುಷಿ ಆಯ್ತು ಸರ. ಆದರೆ ನಮ್ಮ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಬಯಲಲ್ಲಿ, ಮುಧೋಳ ನಾಯಿ ಮುಂದೆ ಬೆರಕೆ ನಿಲ್ಲುವುದಿಲ್ಲ ನೋಡ್ರಿ. ಅದು ಕಣ್ಣಿನಿಂದ ಬೇಟೆ ಆಡುವ ನಾಯಿ, ಮೂಗನ್ನು ನಂಬುವುದು ಕಡಿಮೆ. ಬಯಲಲ್ಲಿ ದೂರದಲ್ಲಿ ಒಂದು ಕಿವಿ ಅಲ್ಲಾಡಿದರೂ ಸಾಕು, ಬಿಟ್ಟ ಬಾಣ. ಪೊದೆಯೋ ಬಂಡೆಯೋ ಅಡ್ಡ ಬಂದರೆ ಮಾತ್ರ ನಿಂತು ಅತ್ತಿತ್ತ ನೋಡುತ್ತದೆ. ನಿಮ್ಮ ಕೆಂಚನಿಗೆ ಕಾಲು ತಂದೆಯದು, ಮೂಗು ತಾಯಿಯದು ಬಂದಿರಬೇಕು. 2005ರಲ್ಲಿ ಮುಧೋಳ ನಾಯಿಗೆ ಅಂಚೆ ಚೀಟಿ ಬಂತು. ತಳಿ ಉಳಿಸಲಿಕ್ಕೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಕೇಂದ್ರವೇ ಇದೆ. ಬೆರಕೆ ನಾಯಿಗೆ ಅಂಥ ಆಸರೆ ಯಾವುದೂ ಇಲ್ಲ. ನಿಮ್ಮಂಥವರು ಬರೆದರೇ ಉಂಟು, ಇನ್ನೂ ಬರೆಯಿರಿ.

ಮಂಡ್ಯದ ಗದ್ದೆ:
ನಮ್ಮದು ನಾಲೆ ನೀರಿನ ಗದ್ದೆ, ಅಲ್ಲಿ ಮೊಲ ಇಲ್ಲ, ಇಲಿ. ತಾತನ ಹತ್ತಿರ ಇದ್ದದ್ದು ಅರ್ಧ ಪಮೇರಿಯನ್, ಅರ್ಧ ಬೀದಿ ನಾಯಿ. ಭತ್ತ ಕೊಯ್ದ ಮೇಲೆ ಬದುವಿನ ಒಂದು ಬಿಲಕ್ಕೆ ಹುಲ್ಲಿನ ಹೊಗೆ ಹಾಕುತ್ತಿದ್ದರು. ಇಲಿ ಯಾವ ಬಿಲದಿಂದ ಹೊರಗೆ ಬರುತ್ತೆ ಅಂತ ಅದಕ್ಕೆ ಮೊದಲೇ ಗೊತ್ತು, ಹೋಗಿ ಕೂತಿರುತ್ತಿತ್ತು. ಆಮೇಲೆ ತಾತ ಬದು ಅಗೆದು, ಇಲಿ ಕೂಡಿಟ್ಟ ತೆನೆಗಳನ್ನೆಲ್ಲ ತೆಗೆದು ಕೋಳಿಗೆ ಹಾಕುತ್ತಿದ್ದರು.

ಎರಡು ಪ್ರಶ್ನೆ ಇದೆ ಅಂಕಲ್. ಈಗ ನಾಯಿ ಕರಕೊಂಡು ಮೊಲಕ್ಕೆ ಹೋಗಬಹುದಾ? ನಮ್ಮ ನಾಯಿ ಹೊಲ ಸುತ್ತಿ ಬಂದರೆ ಕುಂಟುತ್ತೆ, ನೀವೆಲ್ಲ ಆಗ ಏನು ಮಾಡುತ್ತಿದ್ದಿರಿ?

ಮಧುಗಿರಿಯವ:
ಬಾಗಲಕೋಟೆಯವರೇ, ಬಯಲಿನ ಮಾತು ಒಪ್ಪಿದೆ. ಗುಡ್ಡ ಮಾತ್ರ ಬಿಟ್ಟುಕೊಡುವುದಿಲ್ಲ.

ಮಗಳೇ, ಮೊಲದ ಆಸೆ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲು ಲೈಸೆನ್ಸ್ ಮೇಲೆ ಸಣ್ಣ ಬೇಟೆಗೆ ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ವರ್ಷತೊಡಕಿನ ಹೆಸರಲ್ಲಿ ಈಗಲೂ ಕದ್ದು ಹೋಗುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಆಗ ಕಾಡಂಚಿನ ಹೊಲಕ್ಕೆಲ್ಲ ಮೊಲ ನುಗ್ಗುತ್ತಿತ್ತು, ಈಗ ನಮ್ಮ ಗುಡ್ಡದಲ್ಲಿ ಹಿಕ್ಕೆ ಕಾಣುವುದೇ ಅಪರೂಪ.

ಕುಂಟುವುದಕ್ಕೆ ಜಾಸ್ತಿ ಕಾರಣ ನೆಗ್ಗಿಲು ಮುಳ್ಳು. ಅಂಗಾಲಿನ ಮೆತ್ತೆಗಳ ಸಂದಿಯಲ್ಲಿ ಸೇರಿಕೊಂಡಿರುತ್ತದೆ. ಬೆರಳು ಅಗಲಿಸಿ ಒಂದೊಂದೇ ಸಂದಿ ಸವರಿ ನೋಡಿ, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಅವ್ವ ಮುಳ್ಳು ಕಿತ್ತು, ಬಿಸಿನೀರಲ್ಲಿ ತೊಳೆದು ಹರಳೆಣ್ಣೆ ಹಚ್ಚುತ್ತಿದ್ದರು. ಕೀವು ಕಟ್ಟಿದ್ದರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ, ಪಶು ಡಾಕ್ಟರಿಗೆ ತೋರಿಸಿ.